ಬ್ಯಾಟರಿ ಡ್ರಿಲ್ ಮನೆಮನೆಗೆ ಬಂತು, ಕನ್ನಡದ ಸೂಚನೆ ಮಾತ್ರ ಬರಲಿಲ್ಲ

ಮಾನ್ಯ ಸಂಪಾದಕರೇ,

ಮೇ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಯಾರೂ ಕೈಕಟ್ಟಿ ಕೂರುವುದಿಲ್ಲ. ಕರಾವಳಿಯಲ್ಲಿ ತಗಡು ಬಿಗಿ ಮಾಡುವುದು, ಹಿತ್ತಲಿಗೆ ಶೀಟ್ ಇಳಿಸುವುದು, ಘಟ್ಟದ ಮೇಲೆ ಅಡಿಕೆ ಶೆಡ್ಡಿಗೆ ಹೊದಿಕೆ ಹಾಕುವುದು, ಕೊಟ್ಟಿಗೆಗೆ ಗಾಳಿಮಳೆ ಹೊಡೆಯದಂತೆ ಮರೆ ಕಟ್ಟುವುದು, ಎಲ್ಲವೂ ಮೊದಲ ಮಳೆ ಬೀಳುವುದರೊಳಗೆ ಮುಗಿಯಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ 61 ದಿನಗಳಲ್ಲಿ ಬೈತಖೋಲ, ತದಡಿ, ಹೊನ್ನಾವರದ ದಡಗಳಲ್ಲಿ ಬೋಟುಗಳ ರಿಪೇರಿ ನಡೆಯುತ್ತದೆ. ಮೊದಲು ಇಂಥ ಕೆಲಸಕ್ಕೆ ಆಚಾರಿಯನ್ನೋ ವೆಲ್ಡಿಂಗಿನವರನ್ನೋ ಕಾಯಬೇಕಿತ್ತು. ಈಗ ಬಹಳ ಮನೆಗಳಲ್ಲಿ ಒಂದು ಬ್ಯಾಟರಿ ಡ್ರಿಲ್ ಬಂದು ಕೂತಿದೆ. ಅಂಗಡಿಯಲ್ಲಿ ಕೊಂಡದ್ದು, ಆನ್‌ಲೈನ್‌ನಲ್ಲಿ ತರಿಸಿದ್ದು, ಗಲ್ಫಿನಿಂದ ಬರುವಾಗ ಮಗ ತಂದದ್ದು.

ನಾನು ಕೋಡಿಬಾಗದಲ್ಲಿ ಇಂಥ ಯಂತ್ರಗಳ ರಿಪೇರಿ ಮಾಡುವವನು. ಅಂಕೋಲೆ, ಕುಮಟೆಯಿಂದ ಜನ ಖುದ್ದು ತರುತ್ತಾರೆ. ಶಿರಸಿ, ಯಲ್ಲಾಪುರ ಕಡೆಯವರು ಬಸ್ಸಿನಲ್ಲಿ ಬರುವ ಪರಿಚಯದವರ ಕೈಲಿ ಕೊಟ್ಟು ಕಳಿಸುತ್ತಾರೆ. ನನ್ನ ಮೇಜಿನ ಮೇಲೆ ಬಿಚ್ಚಿಕೊಳ್ಳುವ ಯಂತ್ರಗಳಲ್ಲಿ ಸವೆದು ಹಾಳಾದವು ಕಡಿಮೆ. ಹೆಚ್ಚಿನವು ಹಾಳಾಗುವುದು ಒಡೆಯನಿಗೆ ಯಾರೂ ಹೇಳಿಕೊಡದ ಸಣ್ಣ ಸಂಗತಿಗಳಿಂದ. ಯಂತ್ರ ಹಾಳಾದರೆ ಇನ್ನೊಂದು ಬರುತ್ತದೆ. ಅದನ್ನು ಹಿಡಿದು ಬರುವ ಕೈಗೆ ಪಟ್ಟಿ ಕಟ್ಟಿರುವುದನ್ನು, ಕಣ್ಣು ಕೆಂಪಾಗಿ ನೀರಿಳಿಯುವುದನ್ನು ನೋಡುವಾಗ ಸುಮ್ಮನಿರಲು ಆಗುವುದಿಲ್ಲ. ಅದಕ್ಕೇ ಈ ಪತ್ರ.

ಕೇಳುವುದು ಎರಡೇ. ನಮ್ಮ ರಾಜ್ಯದಲ್ಲಿ ಮಾರುವ ಪ್ರತಿ ಬ್ಯಾಟರಿ ಡ್ರಿಲ್ಲಿನ ಪೆಟ್ಟಿಗೆಯಲ್ಲಿ ಕನ್ನಡದ ಸೂಚನಾಪತ್ರ ಇರಬೇಕು. ಹಾಳಾದ ಲಿಥಿಯಂ ಬ್ಯಾಟರಿಗಳನ್ನು ಕೊಡಲು ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಒಂದು ಜಾಗ ಇರಬೇಕು. ಇವೆರಡೂ ನಾಳೆ ಬೆಳಗಾಗುವುದರೊಳಗೆ ಆಗುವ ಮಾತಲ್ಲ, ಮಳೆ ಮಾತ್ರ ಇನ್ನೇನು ಬಂದೇಬಿಡುತ್ತದೆ. ಆದ್ದರಿಂದ ನನಗೆ ತಿಳಿದದ್ದನ್ನು ಇಲ್ಲೇ ಬರೆಯುತ್ತೇನೆ. ಪತ್ರ ಉದ್ದವಾದರೂ ಪೂರ್ತಿ ಪ್ರಕಟಿಸಬೇಕೆಂದು ವಿನಂತಿ.

ಈಗ ಪೆಟ್ಟಿಗೆಯಲ್ಲಿ ಸಿಗುವ ಸೂಚನಾಪತ್ರ ಹೇಗಿರುತ್ತದೆಂದು ನೋಡಿ. ಅಂಗೈಯಗಲದ ತೆಳು ಕಾಗದ, ಎಂಟು ಮಡಿಕೆ, ಒಂದು ಬದಿ ಚೀನೀ, ಇನ್ನೊಂದು ಬದಿ ಇಂಗ್ಲಿಷ್, ಇರುವೆ ಸಾಲಿನಂಥ ಅಕ್ಷರ. ಇಂಗ್ಲಿಷ್ ಬಲ್ಲವನೂ ಅದನ್ನು ಓದುವುದಿಲ್ಲ. ಒಳ್ಳೆಯ ಕಂಪನಿಗಳ ಪುಸ್ತಿಕೆಯಲ್ಲಿ ಬೇಕಾದದ್ದೆಲ್ಲ ಇರುತ್ತದೆ, ಆದರೆ ಅದೂ ಇಂಗ್ಲಿಷಿನಲ್ಲಿ, ಹೆಚ್ಚೆಂದರೆ ಹಿಂದಿಯಲ್ಲಿ. ಪೊಟ್ಟಣದ ಸರಕಿನ ಬಗ್ಗೆ 2011ರ ಕಾನೂನು ಮಾಪನ ನಿಯಮಗಳು ಬೆಲೆ, ತಯಾರಕರ ಅಥವಾ ಆಮದುದಾರರ ವಿಳಾಸ, ಗ್ರಾಹಕರು ಸಂಪರ್ಕಿಸಬೇಕಾದ ವಿವರ ಇವನ್ನೆಲ್ಲ ಅಚ್ಚು ಹಾಕಬೇಕೆನ್ನುತ್ತವೆ. ಅದು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು. ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಕನ್ನಡ ಇರಬೇಕೆಂದು ಹೇಳುತ್ತದೆ. ಡ್ರಿಲ್ಲುಗಳು ಬರುವುದು ಹೆಚ್ಚಾಗಿ ಹೊರಗಿನಿಂದ. ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಉಕ್ಕಿನ ಕಡ್ಡಿಯನ್ನು ಕೈಗೆ ಕೊಡುವಾಗ, ಅದು ಎಲ್ಲಿ ತಯಾರಾದರೂ, ಹಿಡಿಯುವವನ ಭಾಷೆಯಲ್ಲಿ ನಾಲ್ಕು ಮಾತು ಹೇಳಬೇಡವೇ?

ಬರುವವರೆಲ್ಲ ಒಂದಲ್ಲ ಒಂದು ಸಲ ಕೇಳುವ ಪ್ರಶ್ನೆ: ‘ಅಲ್ಲಾ ಅಣ್ಣಾ, ವಯರೇ ಇಲ್ಲ, ಶಾಕ್ ಎಲ್ಲಿಂದ ಹೊಡೀತದೆ?’ ಗೋಡೆಯಿಂದ ಹೊಡೆಯುತ್ತದೆ ತಮ್ಮಾ. ಗೋಡೆಯೊಳಗೆ ಪೈಪಿನಲ್ಲಿ 230 ವೋಲ್ಟಿನ ವಯರ್ ಓಡುತ್ತಿರುತ್ತದೆ. ಸ್ವಿಚ್‌ಬೋರ್ಡಿನಿಂದ ನೇರ ಮೇಲಕ್ಕೆ, ನೇರ ಕೆಳಕ್ಕೆ, ಕೆಲವೊಮ್ಮೆ ಒಂದು ಬೋರ್ಡಿನಿಂದ ಇನ್ನೊಂದಕ್ಕೆ ಅಡ್ಡಲಾಗಿ. ಬಿಟ್, ಅಂದರೆ ಕೊರೆಯುವ ಕಡ್ಡಿ, ಅದಕ್ಕೆ ತಗುಲಿದರೆ ಬಿಟ್ಟನ್ನು ಕಚ್ಚಿ ಹಿಡಿಯುವ ಮುಂಭಾಗದ ಚಕ್ಕಿನ ಕಬ್ಬಿಣಕ್ಕೆ ಕರೆಂಟ್ ಬಂದು ನಿಂತಿರುತ್ತದೆ. ಹಿಂದಿನ ರಬ್ಬರ್ ಹಿಡಿಯಲ್ಲೇ ಎರಡೂ ಕೈ ಇದ್ದವನು ಪಾರಾಗಬಹುದು. ಬಿಟ್ ಅಲುಗಾಡದಿರಲೆಂದು ಎಡಗೈಯಲ್ಲಿ ಚಕ್ ಒತ್ತಿ ಹಿಡಿದವನ ಗತಿ ಬೇರೆ. ಮಳೆಗಾಲದಲ್ಲಿ ಗೋಡೆ ತೇವ, ನೆಲ ತೇವ, ಕಾಲಲ್ಲಿ ಚಪ್ಪಲಿ ಇಲ್ಲ. ಬೋರ್ಡಿನ ಸಾಲಿನಲ್ಲಿ ತೂತು ಹಾಕಲೇಬೇಡಿ. ಎಲ್ಲಿ ಹಾಕುವುದಿದ್ದರೂ ಆ ಕೋಣೆಯ ಎಂಸಿಬಿ (ಮೇನ್ ಬೋರ್ಡಿನಲ್ಲಿರುವ ಸುರಕ್ಷಾ ಸ್ವಿಚ್) ಇಳಿಸಿ. ಯಂತ್ರ ಬ್ಯಾಟರಿಯಲ್ಲಿ ನಡೆಯುತ್ತದೆ, ಮನೆಯ ಕರೆಂಟ್ ಬಂದ್ ಮಾಡಿದರೆ ಕೆಲಸವೇನೂ ನಿಲ್ಲುವುದಿಲ್ಲ; ಬ್ಯಾಟರಿ ಡ್ರಿಲ್ಲಿನ ದೊಡ್ಡ ಅನುಕೂಲವೇ ಅದು.

ಕೈ ತಿರುಚುವ ಅಪಾಯವನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಳೆದ ಮಳೆಗಾಲದ ಮೊದಲು ಅಂಕೋಲೆ ಕಡೆಯ ಒಬ್ಬ ಹುಡುಗ ಏಣಿ ಹತ್ತಿ ಆ್ಯಂಗಲ್ ಪಟ್ಟಿಗೆ ತೂತು ಹಾಕುತ್ತಿದ್ದ. ಎಡಗೈಯಲ್ಲಿ ಏಣಿ, ಬಲಗೈಯಲ್ಲಿ ಡ್ರಿಲ್, ಗೇರ್ ಒಂದರಲ್ಲಿ, ಬಿಟ್ 10 ಎಂಎಂ. ಕಬ್ಬಿಣದಲ್ಲಿ ತೂತು ಪೂರ್ತಿಯಾಗಿ ಬಿಟ್ ಆಚೆ ಬರುವ ಹೊತ್ತಿಗೆ ಅಂಚು ಕಚ್ಚಿಕೊಳ್ಳುತ್ತದೆ. ಬಿಟ್ ನಿಂತಿತು, ಮೋಟಾರ್ ನಿಲ್ಲಲಿಲ್ಲ, ಹಾಗಾಗಿ ಯಂತ್ರವೇ ತಿರುಗಿತು. ಬ್ಯಾಟರಿಯ ಭಾರದೊಂದಿಗೆ ಹಿಡಿ ಸುತ್ತಿ ಬಂದು ಮಣಿಕಟ್ಟಿಗೆ ಹೊಡೆಯಿತು. ಮೂಳೆ ಬಿರುಕು ಬಿಟ್ಟಿತು, ಏಣಿಯಿಂದ ಬೀಳದಿದ್ದದ್ದು ಅವನ ಪುಣ್ಯ. ಯಂತ್ರದ ಜೊತೆ ಬಂದ ಪಕ್ಕದ ಹಿಡಿ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಚೀಲ ಕೂಡ ಬಿಚ್ಚದೆ ಹಾಗೇ ಇತ್ತು. ಅದು ಏತಕ್ಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಗೇರ್ ಒಂದು ಎಂದರೆ ನಿಧಾನ ಎಂದಷ್ಟೇ ತಿಳಿದಿದ್ದಾರೆ. ನಿಧಾನವಾದಷ್ಟೂ ತಿರುಚುವ ಬಲ ಹೆಚ್ಚು. ದಪ್ಪ ಬಿಟ್, ಕಬ್ಬಿಣ, ಗಟ್ಟಿ ಮರ ಇದ್ದಾಗ ಪಕ್ಕದ ಹಿಡಿ ಹಾಕಿ ಎರಡು ಕೈಯಲ್ಲಿ ಹಿಡಿಯಬೇಕು. ಮೊದಲು 4 ಎಂಎಂನಲ್ಲಿ ಸಣ್ಣ ತೂತು, ಆಮೇಲೆ ದೊಡ್ಡದು. ಬಿಟ್ ಆಚೆ ಬೀಳುವ ಮುನ್ನ ಒತ್ತಡ ಸಡಿಲಿಸಬೇಕು. ಏಣಿಯ ಮೇಲೆ ಒಂದೇ ಕೈಯಲ್ಲಿ ಮಾಡುವ ಕೆಲಸವೇ ಅಲ್ಲ ಇದು. ಕೆಳಗೆ ಒಬ್ಬರು ಏಣಿ ಹಿಡಿದು ನಿಲ್ಲಲಿ. ಗೇರ್ ಗುಂಡಿಯನ್ನು ಯಂತ್ರ ಪೂರ್ತಿ ನಿಂತ ಮೇಲೆಯೇ ಸರಿಸಿ. ತಿರುಗುವಾಗ ಸರಿಸಿದರೆ ಒಳಗಿನ ಹಲ್ಲು ಮುರಿಯುತ್ತದೆ, ಅದರ ಬಿಡಿಭಾಗ ಕಾರವಾರದಲ್ಲಿ ಸಿಗುವುದು ಕಷ್ಟ.

ಚಕ್ಕಿನ ಹಿಂದೆ ಅಂಕಿಗಳಿರುವ ಒಂದು ಬಳೆ ಇರುತ್ತದೆ. ಬಹಳ ಜನ ಅದನ್ನು ಮುಟ್ಟಿಯೇ ಇರುವುದಿಲ್ಲ. ಅದು ಕ್ಲಚ್. ಸಣ್ಣ ಅಂಕಿಯಲ್ಲಿಟ್ಟರೆ ಸ್ಕ್ರೂ ಸ್ವಲ್ಪ ಬಿಗಿಯಾದೊಡನೆ ಕಟಕಟ ಸದ್ದು ಮಾಡಿ ತಿರುಗುವುದು ನಿಲ್ಲುತ್ತದೆ. ತಗಡಿನ ಶೀಟಿಗೆ ಸ್ಕ್ರೂ ಹೊಡೆಯುವಾಗ ಇದರ ಬೆಲೆ ಗೊತ್ತಾಗುತ್ತದೆ. ಸ್ಕ್ರೂವಿನ ತಲೆಯಡಿ ಕಪ್ಪು ರಬ್ಬರ್ ವಾಷರ್ ಇದೆಯಲ್ಲ, ಅದು ತುಸು ಒತ್ತಿಕೊಂಡು ಅಂಚು ಕಾಣುವಷ್ಟು ಕೂತರೆ ಸಾಕು. ಡ್ರಿಲ್ ಗುರುತಿನಲ್ಲಿಟ್ಟು ಜೋರಾಗಿ ಕೂರಿಸಿದರೆ ರಬ್ಬರ್ ಪಿಚ್ಚೆಂದು ಹೊರಗೆ ಬರುತ್ತದೆ, ತಗಡು ತಗ್ಗಾಗುತ್ತದೆ, ಆ ತಗ್ಗಿನಲ್ಲಿ ನೀರು ನಿಂತು ಆಷಾಢದಲ್ಲಿ ಸೋರುತ್ತದೆ. ಆಮೇಲೆ ಶೀಟಿನ ಕಂಪನಿಯನ್ನು ಬೈಯುತ್ತಾರೆ. ಕ್ಲಚ್ಚನ್ನು ಐದಾರರಿಂದ ಶುರು ಮಾಡಿ, ಸಾಲದಿದ್ದರೆ ಒಂದೊಂದೇ ಅಂಕಿ ಏರಿಸುತ್ತ ಹೋಗಿ.

ಬಿಟ್ ಬದಲಿಸುವಾಗ ನಮ್ಮವರು ಮಾಡುವುದನ್ನು ದಿನಾ ನೋಡುತ್ತೇನೆ. ಚಕ್ಕನ್ನು ಎಡಗೈ ಮುಷ್ಟಿಯಲ್ಲಿ ಗಟ್ಟಿ ಹಿಡಿದು, ಬಲಗೈಯಲ್ಲಿ ಗುಂಡಿ ಒತ್ತುತ್ತಾರೆ. ಮೋಟಾರೇ ಬಿಗಿ ಮಾಡಿಕೊಳ್ಳುತ್ತದೆ. ನೋಡಲು ಚುರುಕಾಗಿ ಕಾಣುತ್ತದೆ. ಬಿಟ್ ಓರೆಯಾಗಿ ಕೂತಿದ್ದರೆ ಅದೇ ಮುಷ್ಟಿಯೊಳಗೆ ಅಂಗೈ ಸೀಳುತ್ತದೆ. ಸರಿಯಾದ ಕ್ರಮ ಸುಲಭ: ಬ್ಯಾಟರಿ ಕಳಚಿ ಪಕ್ಕಕ್ಕಿಡಿ, ಬಿಟ್ಟನ್ನು ಮೂರು ದವಡೆಗಳ ನಡುವೆ ನೆಟ್ಟಗೆ ಕೂರಿಸಿ, ಕೈಯಿಂದ ತಿರುಗಿಸಿ ಬಿಗಿ ಮಾಡಿ, ಬಿಟ್ಟನ್ನು ಎಳೆದು ನೋಡಿ, ಆಮೇಲೆ ಬ್ಯಾಟರಿ ಹಾಕಿ. ಬ್ಯಾಟರಿ ತೆಗೆಯಲು ಬೇಸರವಾದರೆ, ಮುಂದಕ್ಕೆ-ಹಿಂದಕ್ಕೆ ತಿರುಗಿಸುವ ಗುಂಡಿಯನ್ನು ಕನಿಷ್ಠ ಪಕ್ಷ ನಡುವಿಗೆ ತನ್ನಿ. ಆಗ ಸ್ವಿಚ್ ಒತ್ತಲು ಬರುವುದಿಲ್ಲ. ಚೀಲದಲ್ಲಿಟ್ಟು ಒಯ್ಯುವಾಗಲೂ, ಮಕ್ಕಳಿರುವ ಮನೆಯಲ್ಲಿ ಇಡುವಾಗಲೂ ಗುಂಡಿ ನಡುವಲ್ಲೇ ಇರಲಿ.

ಮೈಮೇಲಿನ ಬಟ್ಟೆಯ ಬಗ್ಗೆ ಒಂದೇ ಮಾತು. ಲುಂಗಿ ಎತ್ತಿ ಕಟ್ಟಿ, ಹೆಗಲ ಮೇಲಿನ ಟವೆಲ್ ತೆಗೆದಿಡಿ, ಹೆಣ್ಣುಮಕ್ಕಳು ವೇಲ್ ಬಿಗಿದು ಜಡೆ ಮೇಲೆ ಕಟ್ಟಿಕೊಳ್ಳಿ. ಸಡಿಲ ಹತ್ತಿ ಗ್ಲೌಸ್ ತಿರುಗುವ ಬಿಟ್ಟಿನ ಹತ್ತಿರ ರಕ್ಷಣೆ ಅಲ್ಲ; ಒಂದು ಎಳೆ ಸಿಕ್ಕರೆ ಬೆರಳನ್ನೂ ಸುತ್ತಿಕೊಳ್ಳುತ್ತದೆ.

ಕಣ್ಣಿಗೆ ಕನ್ನಡಕ ಹಾಕಿ ಎಂದರೆ ನಗುತ್ತಾರೆ. ತಲೆಯ ಮೇಲಿನ ಪಕಾಸಿಗೋ ಸ್ಲ್ಯಾಬಿಗೋ ತೂತು ಹಾಕುವಾಗ ಬೀಳುವುದೆಲ್ಲ ಮುಖಕ್ಕೇ ಅಲ್ಲವೇ? ಕಬ್ಬಿಣದ ಚೂರು ಕಣ್ಣಿನ ಕಪ್ಪಿನ ಮೇಲೆ ಕೂತರೆ ಉಜ್ಜಬಾರದು, ಅಕ್ಕಪಕ್ಕದವರ ಕೈಲಿ ಬಟ್ಟೆಯ ತುದಿಯಿಂದ ತೆಗೆಸಬಾರದು, ಕಣ್ಣಿನ ಡಾಕ್ಟರ ಬಳಿಗೇ ಹೋಗಬೇಕು. ನೂರಿನ್ನೂರು ರೂಪಾಯಿಯ ಗಾಗಲ್ಸ್ ಇದನ್ನು ತಪ್ಪಿಸುತ್ತದೆ.

ದೂಳಿನ ಬಗ್ಗೆ ಇನ್ನೂ ಉದಾಸೀನ. ಕಾಂಕ್ರೀಟು, ಗ್ರಾನೈಟು, ಟೈಲ್ಸುಗಳ ನುಣ್ಣನೆಯ ದೂಳಿನಲ್ಲಿ ಸಿಲಿಕಾ ಇರುತ್ತದೆ. ದಿನಾ ಅದೇ ಕೆಲಸ ಮಾಡುವವರಿಗೆ ಅದು ವರ್ಷಗಟ್ಟಲೆ ಪುಪ್ಪುಸದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ, ಹೋದ ಉಸಿರು ತಿರುಗಿ ಬರುವುದಿಲ್ಲ. ಬೋಟಿನ ಫೈಬರ್ ಕೊರೆಯುವವರ ಗಂಟಲು, ಮೈ ತುರಿಸುವುದು ಅವರಿಗೇ ಗೊತ್ತು. ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುತ್ತದೆ; ಅದರ ಎಳೆ ಪುಪ್ಪುಸದ ಕ್ಯಾನ್ಸರಿಗೆ ಕಾರಣ. ಅಂಥ ಶೀಟಿಗೆ ತೂತು ಹಾಕಲೇಬೇಕಾದರೆ ಆ ಜಾಗ ಒದ್ದೆ ಮಾಡಿ, ನಿಧಾನಕ್ಕೆ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಗುಡಿಸಬೇಡಿ. ಮುಖಕ್ಕೆ ಕಟ್ಟಿದ ಟವೆಲ್ ಈ ದೂಳನ್ನು ತಡೆಯುವುದಿಲ್ಲ. ಕನಿಷ್ಠ ಎನ್-95 ಮಾಸ್ಕ್ ಬೇಕು, ಕಲ್ನಾರಿನ ಎಳೆಗೆ ಅದೂ ಸಾಲದು. ಕೋವಿಡ್ ಕಾಲದಿಂದ ಎನ್-95 ಔಷಧ ಅಂಗಡಿಗಳಲ್ಲಿ ಸಿಗುತ್ತದೆ.

ನಮ್ಮ ಕಡೆಯ ಗೋಡೆಗಳ ಸ್ವಭಾವವೇ ಬೇರೆ. ಚಿರೇಕಲ್ಲು (ಕೆಂಪು ಜಂಬಿಟ್ಟಿಗೆ) ಮೆತ್ತಗೂ ಇದೆ, ನಡುನಡುವೆ ಗಟ್ಟಿ ಹರಳೂ ಇದೆ. ಡ್ರಿಲ್ಲನ್ನು ಹ್ಯಾಮರ್ ಗುರುತಿನಲ್ಲಿಟ್ಟು ಕುಟ್ಟುತ್ತ ಕೊರೆದರೆ ಕಲ್ಲು ಒಳಗೇ ಉದುರಿ, 8 ಎಂಎಂ ತೂತು 12 ಎಂಎಂ ಆಗುತ್ತದೆ. ಪ್ಲಾಸ್ಟಿಕ್ ಪ್ಲಗ್ ಗಿರಗಿರನೆ ತಿರುಗುತ್ತದೆ, ಟಿವಿ ಕೆಳಗೆ ಬರುತ್ತದೆ. ಚಿರೇಕಲ್ಲಿಗೆ ಹ್ಯಾಮರ್ ಬಂದ್ ಮಾಡಿ, ಬರೀ ತಿರುಗುವ ಡ್ರಿಲ್ಲಿನಲ್ಲಿ, ಒಂದು ನಂಬರ್ ಸಣ್ಣ ಬಿಟ್ಟಿನಿಂದ ಶುರು ಮಾಡಿ. ಟೈಲ್ಸಿಗೂ ಹ್ಯಾಮರ್ ಬೇಡ. ಟೈಲ್ಸ್ ದಾಟಿ ಕಾಂಕ್ರೀಟ್ ಸಿಕ್ಕ ಮೇಲೆ ಹಾಕಿಕೊಳ್ಳಿ. ಬೋಟಿನ ಸ್ಟೇನ್‌ಲೆಸ್ ಪಟ್ಟಿಗೆ ಜೋರಾಗಿ ತಿರುಗಿಸಿದಷ್ಟೂ ಅದು ಕಾದು ಇನ್ನಷ್ಟು ಗಟ್ಟಿಯಾಗಿ ಬಿಟ್ಟನ್ನೇ ತಿನ್ನುತ್ತದೆ. ನಿಧಾನ ವೇಗ, ಬಲವಾದ ಒತ್ತಡ, ಒಂದು ಹನಿ ಎಣ್ಣೆ. ಗೋಡೆಯ ಬಿಟ್ ಕಬ್ಬಿಣಕ್ಕೆ ನಡೆಯುವುದಿಲ್ಲ, ಕಬ್ಬಿಣದ್ದು ಗೋಡೆಗೆ ಹಾಕಿದರೆ ಒಂದೇ ತೂತಿಗೆ ಮೊಂಡು. ಮೊಂಡು ಬಿಟ್ಟನ್ನು ಒತ್ತಿ ಒತ್ತಿ ಕೆಲಸ ತೆಗೆದರೆ ಸುಡುವುದು ಮೋಟಾರು.

ಇನ್ನು ಬ್ಯಾಟರಿ. ನನ್ನ ಚಿಂತೆಯಲ್ಲಿ ಮುಕ್ಕಾಲು ಪಾಲು ಇದರದೇ.

ಮೊದಲು ಅಂಕಿಗಳ ವಿಚಾರ. ಲಿಥಿಯಂ ಸೆಲ್ ಒಂದಕ್ಕೆ ಸಾಮಾನ್ಯ ಲೆಕ್ಕದಲ್ಲಿ 3.6 ವೋಲ್ಟ್, ಪೂರ್ತಿ ಚಾರ್ಜಾದಾಗ 4.2. ಐದು ಸೆಲ್ ಸಾಲಾಗಿ ಜೋಡಿಸಿದರೆ 18 ವೋಲ್ಟ್, ಪೂರ್ತಿ ತುಂಬಿದಾಗ 21. ಅಂದರೆ 18, 20, 21 ಎಂದು ಬರೆದ ಯಂತ್ರಗಳೆಲ್ಲ ಒಳಗೆ ಒಂದೇ. ಈಗ 48, 88 ಎಂದು ದೊಡ್ಡ ಅಕ್ಷರದಲ್ಲಿ ಬರೆದ ಅಗ್ಗದ ಡ್ರಿಲ್ಲುಗಳು ಬರುತ್ತಿವೆ. 48 ವೋಲ್ಟಿಗೆ 13 ಸೆಲ್ ಬೇಕು. ನಾನು ಬಿಚ್ಚಿದ ಅಂಥ ಬ್ಯಾಟರಿಗಳಲ್ಲಿ ಇದ್ದದ್ದು ಐದೇ. ದುಡಿದು ಕೊಂಡ ಜನರಿಗೆ ಇದು ಮೋಸ. ಕೊಳ್ಳುವಾಗ ಆ ಅಂಕಿಗೆ ಮರುಳಾಗದೆ ಬ್ಯಾಟರಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಐಎಸ್ 16046 ಎಂಬ ಸಂಖ್ಯೆ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಇಂಥ ಬ್ಯಾಟರಿಗಳಿಗೆ ನಮ್ಮ ದೇಶದಲ್ಲಿ ಅದು ಕಡ್ಡಾಯ.

ಲಿಥಿಯಂ ಬ್ಯಾಟರಿಗೆ ಸೆಕೆ ಆಗಿಬರುವುದಿಲ್ಲ. ಘಟ್ಟದ ಮೇಲಿನ ಮನೆಗಳಲ್ಲಿ ತೇವ ತಾಗದಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಾರೆ. ಮೆಣಸು, ಬೀಜ, ಬುಟ್ಟಿಗಳಿಗೆ ಅದು ಒಳ್ಳೆಯ ಜಾಗ. ಬ್ಯಾಟರಿಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಸೆಕೆಯಲ್ಲಿ ಸೆಲ್ ಬೇಗ ಮುಪ್ಪಾಗುತ್ತದೆ, ಉಬ್ಬುತ್ತದೆ. ಕರಾವಳಿಯವರು ಸ್ಕೂಟರಿನ ಸೀಟಿನ ಕೆಳಗೆ ಹಾಕಿ ಬಿಸಿಲಲ್ಲಿ ನಿಲ್ಲಿಸುತ್ತಾರೆ, ಅದೂ ಹಾಗೆಯೇ. ಅಲ್ಲೇ ಸ್ಕ್ರೂ, ಮೊಳೆಗಳ ಪೊಟ್ಟಣವೂ ಇರುತ್ತದೆ. ಬಿಡಿ ಬ್ಯಾಟರಿಯ ತೆರೆದ ಪಟ್ಟಿಗಳ ಮೇಲೆ ಒಂದು ಮೊಳೆ ಅಡ್ಡ ಬಿದ್ದರೆ ಸಾಕು, ಶಾರ್ಟ್ ಆಗುತ್ತದೆ. ಸೀಟಿನಡಿ ಹಾಗೆ ಕರಗಿ ಮುದ್ದೆಯಾದ ಒಂದು ಬ್ಯಾಟರಿಯನ್ನು ಮಾಜಾಳಿಯ ಒಬ್ಬರು ತಂದಿದ್ದರು. ಮೊಳೆ ಪ್ಲಾಸ್ಟಿಕ್ಕಿನಲ್ಲಿ ಬೆಸೆದುಕೊಂಡಿತ್ತು, ಪೆಟ್ರೋಲ್ ಟ್ಯಾಂಕ್ ಅಲ್ಲಿಂದ ಒಂದು ಗೇಣು ದೂರವೂ ಇರಲಿಲ್ಲ. ಬ್ಯಾಟರಿಗೆ ಕೊಟ್ಟ ಪ್ಲಾಸ್ಟಿಕ್ ಮುಚ್ಚಳ ಎಸೆಯಬೇಡಿ. ಕಳೆದುಹೋಗಿದ್ದರೆ ಪಟ್ಟಿಗಳ ಮೇಲೆ ಇನ್ಸುಲೇಶನ್ ಟೇಪ್ ಅಂಟಿಸಿ.

ಚೌತಿ ಹತ್ತಿರ ಬಂದಾಗ ನನ್ನಲ್ಲಿಗೆ ಸತ್ತ ಬ್ಯಾಟರಿಗಳ ಮೆರವಣಿಗೆ ಶುರು. ಕಾರಣ ಒಂದೇ. ಜೂನ್ ಮೊದಲ ವಾರ ಕೆಲಸ ಮುಗಿಸಿ, ಪೂರ್ತಿ ಖಾಲಿಯಾದ ಬ್ಯಾಟರಿಯನ್ನು ಯಂತ್ರದಲ್ಲೇ ಬಿಟ್ಟು ಮೂಲೆಗಿಟ್ಟಿರುತ್ತಾರೆ. ಇಟ್ಟಲ್ಲೇ ಅದು ಇನ್ನಷ್ಟು ಇಳಿಯುತ್ತ ಹೋಗಿ, ಸೆಲ್ಲಿಗೆ ಎರಡೂವರೆ ವೋಲ್ಟಿಗಿಂತ ಕೆಳಗೆ ಹೋದರೆ ಒಳಗೆ ಕೆಡುತ್ತದೆ. ಆಮೇಲೆ ಚಾರ್ಜರ್ ಅದನ್ನು ಗುರುತಿಸುವುದೇ ಇಲ್ಲ. ಮಳೆಗಾಲಕ್ಕೆ ಎತ್ತಿಡುವಾಗ ಅರ್ಧ ಚಾರ್ಜ್ ಮಾಡಿ, ಯಂತ್ರದಿಂದ ಕಳಚಿ, ತಂಪಾದ ಒಣ ಜಾಗದಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಚಪ್ಪಲಿ, ಬ್ಯಾಗುಗಳ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯದೆ ಅದರೊಳಗೆ ಹಾಕಿ. ನಡುವೆ ಒಂದು ಸಲ, ನಾಗರಪಂಚಮಿಯ ಹೊತ್ತಿಗೆ, ತೆಗೆದು ನೋಡಿ ಬೇಕಾದರೆ ಸ್ವಲ್ಪ ಚಾರ್ಜ್ ಮಾಡಿ.

ಸತ್ತ ಬ್ಯಾಟರಿಯನ್ನು ಇನ್ನೊಂದು ಬ್ಯಾಟರಿಯಿಂದ ವಯರ್ ಎಳೆದು ‘ಎಬ್ಬಿಸುವ’ ವಿಡಿಯೊಗಳು ಮೊಬೈಲಿನಲ್ಲಿ ಓಡಾಡುತ್ತಿವೆ. ದಯವಿಟ್ಟು ಮಾಡಬೇಡಿ. ತೀರಾ ಇಳಿದ ಸೆಲ್ಲಿನೊಳಗೆ ತಾಮ್ರದ ಹಾಳೆ ಕರಗಿ ಬೇರೆ ಕಡೆ ಕೂತಿರುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಅದೇ ಒಳಗೊಳಗೆ ಶಾರ್ಟಿಗೆ ದಾರಿ. ಎದ್ದಂತೆ ಕಂಡ ಬ್ಯಾಟರಿ ರಾತ್ರಿ ಮಲಗಿದ ಹೊತ್ತಿಗೆ ಹೊತ್ತಿಕೊಳ್ಳಬಹುದು. ಹಳೆಯ ಲ್ಯಾಪ್‌ಟಾಪಿನ ಸೆಲ್ ತೆಗೆದು ಡ್ರಿಲ್ಲಿಗೆ ಬೆಸುಗೆ ಹಾಕಿಕೊಡುವವರೂ ಇದ್ದಾರೆ. ಕಡಿಮೆ ಖರ್ಚಿನಲ್ಲಿ ಆಗುತ್ತದೆಂದು ಜನ ಒಪ್ಪುತ್ತಾರೆ. ಲ್ಯಾಪ್‌ಟಾಪಿನ ಸೆಲ್ ಕೆಲವೇ ಆಂಪಿಯರಿಗೆ ಮಾಡಿದ್ದು. ಡ್ರಿಲ್ ಕಚ್ಚಿಕೊಂಡಾಗ ಇಪ್ಪತ್ತು ಆಂಪಿಯರನ್ನೂ ಮೀರಿ ಎಳೆಯುತ್ತದೆ. ಸೆಲ್ ಬದಲಿಸುವುದಾದರೆ ಹೆಚ್ಚು ಕರೆಂಟಿಗೆ ತಕ್ಕ, ಒಂದೇ ತರದ ಹೊಸ ಐದು ಸೆಲ್ ಬೇಕು. ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡಿಂಗ್‌ನಲ್ಲೇ ಕೂರಿಸಬೇಕು, ಸೋಲ್ಡರಿಂಗಿನ ಬಿಸಿ ಸೆಲ್ಲನ್ನು ಕೆಡಿಸುತ್ತದೆ. ಒಳಗಿನ ಬಿಎಂಎಸ್ ಎಂಬ ಕಾವಲು ಪ್ಲೇಟನ್ನು ತಪ್ಪಿಸಿ ನೇರ ಜೋಡಿಸಿದ ಬ್ಯಾಟರಿ ನನ್ನ ಬಳಿ ಬಂದರೆ ನಾನು ತಿರುಗಿ ಕೊಡುವುದಿಲ್ಲ. ಇದಕ್ಕೆ ಕೆಲವರು ಸಿಟ್ಟಾಗಿದ್ದಾರೆ, ಆಗಲಿ.

ಚಾರ್ಜ್ ಮಾಡುವ ಜಾಗವೂ ಮುಖ್ಯ. ಹಾಸಿಗೆಯ ಮೇಲೆ, ಮಂಚದ ಕೆಳಗೆ, ಕಟ್ಟಿಗೆ ರಾಶಿಯ ಪಕ್ಕ, ತೆಂಗಿನಕಾಯಿ ಸಿಪ್ಪೆ ಇಟ್ಟ ಕೊಟ್ಟಿಗೆಯಲ್ಲಿ ಬೇಡ. ಸಿಮೆಂಟ್ ನೆಲವೋ ಕಡಪಾ ಕಲ್ಲೋ ಆಗಬಹುದು. ಕೆಲಸ ಮಾಡಿ ಬಿಸಿಯಾದ ಬ್ಯಾಟರಿ ತಣ್ಣಗಾಗುವವರೆಗೆ ಕಾಯಿರಿ. ಅದರದೇ ಚಾರ್ಜರ್ ಬಳಸಿ. ಪಿನ್ ಹೊಂದುತ್ತದೆಂದು ಬೇರೆಯದನ್ನು ಚುಚ್ಚಬೇಡಿ. ರಾತ್ರಿಯಿಡೀ ಬಿಡಬೇಡಿ. ಗುಡುಗು ಶುರುವಾದರೆ, ಕರೆಂಟ್ ಹೋಗಿ ಬಂದು ಮಾಡುತ್ತಿದ್ದರೆ ಪ್ಲಗ್ ಕಿತ್ತಿಡಿ. ಉಬ್ಬಿದ, ಸಿಹಿಸಿಹಿ ರಾಸಾಯನಿಕ ವಾಸನೆ ಬರುವ, ನೀರಲ್ಲಿ ಮುಳುಗಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಲೇಬೇಡಿ. ಸಮುದ್ರದ ನೀರು ಹೊಕ್ಕಿದ್ದರಂತೂ ಬಿಸಿಲಲ್ಲಿ ಒಣಗಿಸಿ ನೋಡುವ ಆಸೆಯನ್ನೂ ಬಿಡಿ, ಉಪ್ಪು ಒಳಗೇ ಉಳಿಯುತ್ತದೆ. ಹೊಗೆ ಕಂಡರೆ ಮೇನ್ ಬಂದ್ ಮಾಡಿ, ಮನೆಯವರನ್ನು ಹೊರಗೆ ಕಳಿಸಿ, 112ಕ್ಕೆ ಫೋನ್ ಮಾಡಿ. ಆ ಹೊಗೆ ವಿಷ. ಕರೆಂಟ್ ಬಂದ್ ಆದ ಮೇಲೆ ದೂರದಿಂದ ಧಾರಾಳ ನೀರು ಸುರಿದು ತಂಪು ಮಾಡಬಹುದು; ಒಂದು ತಂಬಿಗೆ ಸಾಲದು, ಆರಿದ್ದು ಮತ್ತೆ ಹೊತ್ತುತ್ತದೆ.

ಯಂತ್ರದ ಆರೈಕೆಗೆ ಹೆಚ್ಚು ಖರ್ಚಿಲ್ಲ. ಉಪ್ಪುಗಾಳಿಗೆ ಚಕ್ಕಿನ ದವಡೆ ತುಕ್ಕು ಹಿಡಿಯುತ್ತದೆ, ಬ್ಯಾಟರಿಯ ಪಟ್ಟಿಗಳ ಮೇಲೆ ಹಸಿರು ಕಟ್ಟುತ್ತದೆ. ಕೆಲಸ ಮುಗಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ಚಕ್ಕನ್ನು ಪೂರ್ತಿ ತೆರೆದು, ಮೂತಿ ಕೆಳಗೆ ಮಾಡಿ ತಟ್ಟಿ ದೂಳು ಉದುರಿಸಿ, ದವಡೆಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಬಿಡಿ. ತೆಂಗಿನೆಣ್ಣೆ ಬೇಡ. ನಮ್ಮಲ್ಲಿ ಬೀಗ, ಬಿಜಾಗರಿ, ಕತ್ತಿ ಎಲ್ಲಕ್ಕೂ ತೆಂಗಿನೆಣ್ಣೆಯೇ. ಚಕ್ಕಿನೊಳಗೆ ಅದು ದೂಳಿನೊಂದಿಗೆ ಅಂಟಾಗಿ ದವಡೆಯನ್ನು ಕಚ್ಚಿ ಹಿಡಿಯುತ್ತದೆ. ಗಾಳಿ ಹೋಗುವ ಸೀಳುಗಳಿಗೆ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆಯಿರಿ, ಬ್ಯಾಟರಿ ತೆಗೆದು, ಕಣ್ಣಿಗೆ ಗಾಗಲ್ಸ್ ಹಾಕಿ. ಥಿನ್ನರ್, ಪೆಟ್ರೋಲಿನಲ್ಲಿ ಒರೆಸಿದರೆ ಪ್ಲಾಸ್ಟಿಕ್ ಬಿರಿಯುತ್ತದೆ. ಆ ಸೀಳಿನಲ್ಲಿ ದೊಡ್ಡ ಕಿಡಿ ಕಂಡು, ಸುಟ್ಟ ವಾಸನೆ ಬಂದರೆ ಕಾರ್ಬನ್ ಬ್ರಷ್ ಸವೆದಿರಬಹುದು. ಆಗಲೇ ತಂದರೆ ಸಣ್ಣ ಖರ್ಚು. ಹಾಗೇ ಓಡಿಸಿದರೆ ಆರ್ಮೇಚರ್, ಅಂದರೆ ಮೋಟಾರಿನೊಳಗೆ ತಿರುಗುವ ಭಾಗವೇ ಹೋಗುತ್ತದೆ. ಚಕ್ ತೆಗೆಯುವವರು ನೆನಪಿಡಿ, ಅದರೊಳಗಿನ ಸ್ಕ್ರೂ ಸಾಮಾನ್ಯವಾಗಿ ಎಡಮರೆಯದು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಎಲ್ಲ ಸ್ಕ್ರೂವಿನಂತೆ ಬಿಚ್ಚಲು ಹೋಗಿ ತಲೆ ಮುರಿದುಕೊಂಡು ಬರುತ್ತಾರೆ.

ಬೋಟಿನವರಿಗೆ ಒಂದು ಮಾತು. ಬ್ರಷ್ ಇರುವ ಮೋಟಾರಿನಲ್ಲಿ ಸದಾ ಕಿಡಿ ಇರುತ್ತದೆ. ಪೆಟ್ರೋಲ್, ಥಿನ್ನರ್, ಫೈಬರಿನ ರಾಳದ ಆವಿ ತುಂಬಿದ ಮುಚ್ಚಿದ ಜಾಗದಲ್ಲಿ ಗುಂಡಿ ಒತ್ತುವ ಮೊದಲು ಮುಚ್ಚಳ ತೆರೆದು ಗಾಳಿಯಾಡಲು ಬಿಡಿ. ಹಾಗೆಯೇ ಮಳೆಯಲ್ಲಿ ತಾಡಪತ್ರೆ ಇಲ್ಲದೆ ಕೆಲಸ ಬೇಡ. ಈ ಯಂತ್ರಗಳು ನೀರು ತಡೆಯುವಂತೆ ಮಾಡಿದವಲ್ಲ.

ಇವಿಷ್ಟನ್ನು ಎರಡು ಪುಟದಲ್ಲಿ, ಚಿತ್ರ ಹಾಕಿ, ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಅಚ್ಚು ಹಾಕಲು ಕಂಪನಿಗಳಿಗೆ ಏನು ಕಷ್ಟ? ಸರ್ಕಾರ ಹೊರಗಿನಿಂದ ಬರುವ ಯಂತ್ರಗಳಿಗೂ ಇದನ್ನು ಕಡ್ಡಾಯ ಮಾಡಲಿ. ಅಷ್ಟರೊಳಗೆ ಮಾರುವ ಅಂಗಡಿಯವರು ತಾವೇ ಒಂದು ಹಾಳೆ ಜೆರಾಕ್ಸ್ ಮಾಡಿಸಿ ಪೆಟ್ಟಿಗೆಯೊಳಗೆ ಹಾಕಬಹುದು, ಐದು ನಿಮಿಷ ನಿಂತು ತೋರಿಸಿಕೊಡಬಹುದು. ಜಿಲ್ಲೆಯ ಐಟಿಐಗಳಲ್ಲಿ ಕಲಿಸುವವರಿದ್ದಾರೆ, ಉಪಕರಣಗಳಿವೆ. ಮೀನುಗಾರಿಕೆಯ ರಜೆಯಲ್ಲಿ ಬಂದರಿಗೆ ಬಂದು, ಸ್ತ್ರೀಶಕ್ತಿ ಸಂಘಗಳನ್ನು ಕರೆದು ಅರ್ಧ ದಿನದ ಪಾಠ ಮಾಡಲಿ. ಎಲ್ಲಿ ನಡೆದರೂ ನಾನು ಯಂತ್ರಗಳೊಂದಿಗೆ ಬರುತ್ತೇನೆ, ಸಂಭಾವನೆ ಬೇಡ.

ಹಳೆಯ ಬ್ಯಾಟರಿಯ ವಿಚಾರಕ್ಕೆ ಕಾನೂನು ಆಗಲೇ ಇದೆ. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಬ್ಯಾಟರಿಯನ್ನು ಬೇರೆ ಕಸದೊಂದಿಗೆ ಬೆರೆಸಬಾರದು, ಮಾರುಕಟ್ಟೆಗೆ ಬಿಟ್ಟ ಕಂಪನಿಯೇ ಅದನ್ನು ಮರಳಿ ಪಡೆದು ಮರುಬಳಕೆಗೆ ಕಳಿಸುವ ಹೊಣೆ ಹೊರಬೇಕು. ಕಸದ ಗಾಡಿಯಲ್ಲಿ ಒತ್ತಿ ತುಂಬುವಾಗ ಲಿಥಿಯಂ ಸೆಲ್ ಜಜ್ಜಿಹೋದರೆ ಬೆಂಕಿ ಏಳುತ್ತದೆ. ಆ ಗಾಡಿಯಲ್ಲಿ ನಿಂತು ದುಡಿಯುವ ಪೌರಕಾರ್ಮಿಕರ ಜೀವದ ಪ್ರಶ್ನೆ ಇದು. ಸಮುದ್ರಕ್ಕೋ ಕಾಳಿ ನದಿಗೋ ಎಸೆದರೆ ಮೀನು ಹಿಡಿದು ತಿನ್ನುವವರು ನಾವೇ. ಕಾರವಾರ, ಶಿರಸಿ, ಕುಮಟೆ, ಭಟ್ಕಳ ಹೀಗೆ ಎಲ್ಲ ಕಡೆ ನಗರಸಭೆ, ಪುರಸಭೆಗಳು ಒಂದು ಜಾಗ ಗೊತ್ತು ಮಾಡಿ, ಅದರ ಫಲಕವನ್ನು ಕನ್ನಡದಲ್ಲಿ ಹಾಕಲಿ. ಜಾಗ ಎಲ್ಲಿದೆ, ಯಾವ ದಿನ ತೆರೆದಿರುತ್ತದೆ ಎಂಬುದನ್ನು ತಮ್ಮ ಪತ್ರಿಕೆ ಪ್ರಕಟಿಸಲಿ.

ನನ್ನ ಅಂಗಡಿಯ ಹಿಂದೆ ತಗಡಿನ ಡಬ್ಬದಲ್ಲಿ ಮರಳು ಹಾಕಿ, ತುದಿಗಳಿಗೆ ಟೇಪ್ ಸುತ್ತಿದ ಹಾಳು ಬ್ಯಾಟರಿಗಳನ್ನು ಬೇರೆಬೇರೆಯಾಗಿ ಇಟ್ಟಿದ್ದೇನೆ. ಯಾರ ಕೈಗೆ ಕೊಡಬೇಕೆಂದು ಜಿಲ್ಲಾಡಳಿತ ಇದೇ ಅಂಕಣದಲ್ಲಿ ತಿಳಿಸಿದರೆ ನಾನೇ ರಿಕ್ಷಾದಲ್ಲಿ ತಂದು ಒಪ್ಪಿಸುತ್ತೇನೆ. ಅಲ್ಲಿಯವರೆಗೆ ಉಬ್ಬಿದ ಬ್ಯಾಟರಿ ಮನೆಯಲ್ಲಿ ಇಟ್ಟುಕೊಂಡು ಹೆದರುತ್ತಿರುವವರು ತಂದುಕೊಡಬಹುದು, ಇಟ್ಟುಕೊಳ್ಳಲು ನನ್ನಲ್ಲಿ ಇನ್ನೂ ಸ್ವಲ್ಪ ಜಾಗ ಇದೆ.

ಇಂತಿ ತಮ್ಮ ವಿಶ್ವಾಸಿ,
ಯಂತ್ರೋಪಕರಣ ರಿಪೇರಿಗಾರ
ಕೋಡಿಬಾಗ, ಕಾರವಾರ